ಚೀನೀ ಚಿತ್ರಗಳ ಮೇಲೆ ಅಷ್ಟೊಂದು ಕೆಂಪು ಮುದ್ರೆ, ಬರಹ ಯಾಕೆ? ಚಿತ್ರ ಹಾಳಾಗುವುದಿಲ್ಲವೇ?

ಹಾಳಾಗುವುದೂ ಉಂಟು. ಆದರೆ ಅದು ಬರೆದವರ ಕೈಗುಣ, ಪದ್ಧತಿಯ ತಪ್ಪಲ್ಲ.

ಆ ಕೆಂಪು ಮುದ್ರೆಗಳಲ್ಲಿ ಒಂದೆರಡು ಚಿತ್ರಕಾರನವು. ಉಳಿದವು ಹೆಚ್ಚಾಗಿ ಮುಂದೆ ಅದನ್ನು ಕೊಂಡವರವು. ಜಮೀನಿಗೆ ಪಹಣಿ ಇದ್ದ ಹಾಗೆ, ಚಿತ್ರ ಯಾರ್‍ಯಾರ ಕೈ ದಾಟಿ ಬಂತು ಅನ್ನುವುದು ಅದರ ಮೈಮೇಲೇ ಇರುತ್ತದೆ. ಇನ್ನು ಬರಹ: ಓದಿದ ಅಧಿಕಾರಿವರ್ಗದವರಿಗೆ ಕವಿತೆಗೂ ಚಿತ್ರಕ್ಕೂ ಅದೇ ಕುಂಚ, ಅದೇ ಮಸಿ. ಉದ್ದನೆಯ ಸುರುಳಿಯನ್ನು ಮೇಜಿನ ಮೇಲಿಟ್ಟು, ಬಲದಿಂದ ಎಡಕ್ಕೆ ಸ್ವಲ್ಪಸ್ವಲ್ಪವೇ ಬಿಚ್ಚುತ್ತಾ ಗೆಳೆಯರೊಂದಿಗೆ ನೋಡುತ್ತಿದ್ದರು. ನೋಡಿ ಮೆಚ್ಚಿದವರು ನಾಲ್ಕು ಸಾಲು ಬರೆಯುವುದು ರೂಢಿ.

ಹುವಾಂಗ್ ಗೋಂಗ್‌ವಾಂಗ್ ಎಂಬ ಯುವಾನ್ ರಾಜವಂಶದ ಕಾಲದ (13–14ನೇ ಶತಮಾನ) ಕಲಾವಿದ ಇಳಿವಯಸ್ಸಿನಲ್ಲಿ ಫುಚುನ್ ಬೆಟ್ಟಸಾಲಿನ ಚಿತ್ರವೊಂದನ್ನು ವೂಯೋಂಗ್ ಎಂಬ ಗೆಳೆಯನಿಗಾಗಿ ಬರೆಯುತ್ತಿದ್ದ. ಮುಗಿಯುವ ಮೊದಲೇ ಯಾರಾದರೂ ಲಪಟಾಯಿಸಿಯಾರು ಎಂದು ಗೆಳೆಯನಿಗೆ ಭಯ. ಅವನ ಸಮಾಧಾನಕ್ಕೆ 1350ರಲ್ಲಿ ಸುರುಳಿಯ ಕೊನೆಯಲ್ಲಿ ಒಂದು ಒಕ್ಕಣೆ ಬರೆದುಕೊಟ್ಟ. ಅಂದರೆ ಚಿತ್ರಕ್ಕಿಂತ ಮೊದಲು ಹಕ್ಕುಪತ್ರ ಸಿದ್ಧ!

ಮುಂದೆ ಅದು ವು ಹೋಂಗ್‌ಯೂ ಎಂಬ ಶ್ರೀಮಂತನ ಕೈ ಸೇರಿತು. 1650ರಲ್ಲಿ ಸಾಯುವಾಗ ಆತ, ಪರಲೋಕಕ್ಕೂ ಜೊತೆಗಿರಲಿ ಅಂತ ಅದನ್ನು ಬೆಂಕಿಗೆ ಹಾಕಿಸಿದ. ಸಂಬಂಧಿಯೊಬ್ಬ ಎಳೆದು ಉಳಿಸಿದನಾದರೂ ಸುರುಳಿ ಎರಡು ತುಂಡಾಯಿತು.

ಚಿಯಾನ್‌ಲಾಂಗ್ ಚಕ್ರವರ್ತಿಗೆ 1745ರಲ್ಲಿ ಸಿಕ್ಕಿದ್ದು ಇದರ ನಕಲು. ಅದನ್ನೇ ಅಸಲಿಯೆಂದು ನಂಬಿ, ಖಾಲಿ ಜಾಗ ಕಂಡಲ್ಲೆಲ್ಲ ತನ್ನ ಮೆಚ್ಚುಗೆ ಬರೆದು ಮುದ್ರೆ ಒತ್ತಿದ. ಮರುವರ್ಷ ಅಸಲಿಯ ದೊಡ್ಡ ತುಂಡೇ ಅರಮನೆಗೆ ಬಂತು. ಆಗ ದೊರೆ ಹೊಸದಾಗಿ ಬಂದದ್ದನ್ನು ನೋಡಿ ತೀರ್ಪು ಕೊಟ್ಟ: ಇದು ನಕಲು! ನಕಲಿ ಎಂದ ಮೇಲೆ ಅದರ ಮೇಲೆ ಕವಿತೆ ಗೀಚುವ ಉಮೇದು ಯಾರಿಗಿರುತ್ತದೆ? ಹಾಗಾಗಿ ಆ ಬೆಟ್ಟಗಳ ಮೇಲಿನ ಆಕಾಶ ಇವತ್ತಿಗೂ ಹೆಚ್ಚುಕಡಿಮೆ ಖಾಲಿಯಾಗಿಯೇ ಇದೆ. ಅರಸರ ಅಜ್ಞಾನದಿಂದ ಕಲೆಗೆ ಇಷ್ಟು ಉಪಕಾರವಾದ ಉದಾಹರಣೆ ನನಗಂತೂ ಬೇರೆ ಗೊತ್ತಿಲ್ಲ.

ಈಗ ದೊಡ್ಡ ತುಂಡು ತೈವಾನಿನ ತೈಪೆಯಲ್ಲಿ, ಚಿಕ್ಕದು ಚೀನಾದ ಹಾಂಗ್‌ಝೌನಲ್ಲಿದೆ. 2011ರಲ್ಲಿ ಎರಡನ್ನೂ ತೈಪೆಯಲ್ಲಿ ಒಟ್ಟಿಗೆ ಇಟ್ಟಿದ್ದರು. ನಕಲೂ ತೈಪೆಯಲ್ಲೇ ಇದೆ. ಅಸಲಿ, ನಕಲು ಎರಡರ ಫೋಟೊಗಳೂ ಅಂತರ್ಜಾಲದಲ್ಲಿ ಸಿಗುತ್ತವೆ, ಪಕ್ಕಪಕ್ಕ ಇಟ್ಟು ನೋಡಿ.