ಅಮೆರಿಕದ ಕಾಲೇಜು ಚಿಯರ್‌ಲೀಡರ್ ಜಾಹೀರಾತಿಗೆ ದುಡ್ಡು ತಗೊಳ್ಳಬಹುದಾ?

ತಗೊಳ್ಳಬಹುದು. ನಿಮ್ಮ ತಂಗಿ ಮಗಳು ಟೆಕ್ಸಸ್‌ನ ಕಾಲೇಜೊಂದರ ಚಿಯರ್ ಟೀಮ್‌ನಲ್ಲಿದ್ದಾಳೆ, ಇನ್‌ಸ್ಟಾಗ್ರಾಮ್‌ನಲ್ಲಿ ಪೋಸ್ಟ್ ಹಾಕಿದರೆ ದುಡ್ಡು ಕೊಡುತ್ತೇವೆ ಅಂತ ಒಂದು ಬಟ್ಟೆ ಕಂಪನಿ ಕೇಳಿದೆ, ಕಾಲೇಜು ಕ್ರೀಡೆಗಳಿಗೆ ನಿಯಮ ಮಾಡುವ ಸಂಸ್ಥೆ ಎನ್‌ಸಿಎಎ ಏನಾದರೂ ತಕರಾರು ಮಾಡುತ್ತಾ ಅಂತ ಕೇಳಿದ್ದೀರಿ. ನಾನು ಡಲ್ಲಾಸ್ ಕಡೆ ನಮ್ಮವರಿಗೆ ಟ್ಯಾಕ್ಸ್ ಫೈಲ್ ಮಾಡಿಕೊಡುವವನು. ಇಂಥ ಪ್ರಶ್ನೆ ನನಗೂ ಬರುತ್ತಿರುತ್ತದೆ.

ಎನ್‌ಸಿಎಎ ಲೆಕ್ಕದಲ್ಲಿ ಚಿಯರ್‌ಲೀಡಿಂಗ್ ಕ್ರೀಡೆಯೇ ಅಲ್ಲ, ಹಾಗಾಗಿ ಅದರ ಅಥ್ಲೀಟ್ ನಿಯಮ ಚಿಯರ್‌ಲೀಡರ್‌ಗೆ ತಾಗುವುದಿಲ್ಲ. ಹುಡುಗಿಯರನ್ನು ಅಷ್ಟೆತ್ತರ ಎಸೆದು ಹಿಡಿಯುವುದು ಆಟ ಅಲ್ಲದೆ ಇನ್ನೇನು ಅಂತ ಕೇಳಬೇಡಿ, ನನಗೂ ಹಾಗೇ ಅನ್ನಿಸುತ್ತದೆ. ಕನೆಕ್ಟಿಕಟ್‌ನ ಕ್ವಿನಿಪಿಯಾಕ್ ಯೂನಿವರ್ಸಿಟಿ ಹೆಣ್ಣುಮಕ್ಕಳ ವಾಲಿಬಾಲ್ ನಿಲ್ಲಿಸಿ, ಆ ಜಾಗದಲ್ಲಿ ಚಿಯರ್ ಟೀಮನ್ನೇ ಹೆಣ್ಣುಮಕ್ಕಳ ಕ್ರೀಡೆ ಅಂತ ತೋರಿಸಲು ಹೊರಟಿತ್ತು. 2010ರಲ್ಲಿ ಫೆಡರಲ್ ಕೋರ್ಟ್ ಅದನ್ನು ಒಪ್ಪಲಿಲ್ಲ. ಅಕ್ರೊಬ್ಯಾಟಿಕ್ಸ್ ಅಂಡ್ ಟಂಬ್ಲಿಂಗ್, ಸ್ಟಂಟ್ ಅಂತ ಇದೇ ಜಾತಿಯ ಎರಡು ಸ್ಪರ್ಧೆಗಳನ್ನು ಎನ್‌ಸಿಎಎ ಈಚೆಗೆ ಸೇರಿಸಿಕೊಂಡಿದೆ. ನಿಮ್ಮ ಹುಡುಗಿ ಅಂಥ ಟೀಮ್‌ನಲ್ಲಿದ್ದರೆ ಮಾತ್ರ ಅವಳೂ ಅಥ್ಲೀಟ್.

ಕಷ್ಟ ಇದ್ದದ್ದು ಅಥ್ಲೀಟ್‌ಗಳಿಗೆ. 2021ರ ಜುಲೈ 1ರವರೆಗೆ ಅವರು ತಮ್ಮ ಹೆಸರು, ಮುಖ ತೋರಿಸಿ ಜಾಹೀರಾತಿನ ದುಡ್ಡು ಮುಟ್ಟಿದರೆ ಆಡುವ ಅರ್ಹತೆಯೇ ಹೋಗುತ್ತಿತ್ತು. ಎಡ್ ಓಬ್ಯಾನನ್ ಎಂಬ ಮಾಜಿ ಬಾಸ್ಕೆಟ್‌ಬಾಲ್ ಆಟಗಾರ ವಿಡಿಯೊ ಗೇಮ್‌ನಲ್ಲಿ ತನ್ನಂತೆಯೇ ಇರುವ ಗೊಂಬೆ ನೋಡಿ, 2009ರಲ್ಲಿ ಕೋರ್ಟಿಗೆ ಹೋದ. ಅವನಿಗೆ ಆ ಗೇಮ್‌ನಿಂದ ಬಿಡಿಗಾಸೂ ಬಂದಿರಲಿಲ್ಲ. 2019ರಲ್ಲಿ ಕ್ಯಾಲಿಫೋರ್ನಿಯಾ ಅಥ್ಲೀಟ್‌ಗಳ ಪರ ಕಾನೂನು ಮಾಡಿತು, ಬೇರೆ ರಾಜ್ಯಗಳೂ ಹಿಂದೆ ಬಂದವು, ಕೊನೆಗೆ ಎನ್‌ಸಿಎಎ ಮಣಿಯಿತು. ಆ ಜುಲೈ 1ರಂದೇ ಫ್ರೆಸ್ನೊ ಸ್ಟೇಟ್ ಯೂನಿವರ್ಸಿಟಿಯ ಬಾಸ್ಕೆಟ್‌ಬಾಲ್ ಆಟಗಾರ್ತಿಯರಾದ ಕ್ಯಾವಿಂಡರ್ ಅವಳಿ ಅಕ್ಕತಂಗಿಯರು ಬೂಸ್ಟ್ ಮೊಬೈಲ್ ಕಂಪನಿ ಜೊತೆ ಜಾಹೀರಾತು ಒಪ್ಪಂದಕ್ಕೆ ಸಹಿ ಹಾಕಿದರು. 2025ರಿಂದ ಕಾಲೇಜುಗಳೇ ತಮ್ಮ ಅಥ್ಲೀಟ್‌ಗಳಿಗೆ ದುಡ್ಡು ಹಂಚಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ 2.05 ಕೋಟಿ ಡಾಲರ್ ಮಿತಿ. ಅದರಲ್ಲಿ ಚಿಯರ್‌ಲೀಡರ್‌ಗಳಿಗೆ ಪಾಲಿಲ್ಲ. ಅದೇ ಮೈದಾನ, ಅದೇ ಟಿವಿ ಕ್ಯಾಮೆರಾ, ಆದರೂ ಇಲ್ಲ. ನನಗೆ ಇದು ಅನ್ಯಾಯ ಅಂತಲೇ ಕಾಣುತ್ತದೆ.

ಹಾಗಾದರೆ ನಿಮ್ಮ ಹುಡುಗಿಗೆ ಅಡ್ಡ ಬರುವುದು ಏನು? ಕಾಲೇಜಿನದೇ ನಿಯಮ. ಟೀಮ್ ಸೇರುವಾಗ ಸಹಿ ಹಾಕಿದ ಕಾಗದ ಮತ್ತೆ ತೆಗೆದು ಓದಲಿ. ಯೂನಿಫಾರ್ಮ್, ಲೋಗೊ, ಪೊಂಪೊಂ ಹಿಡಿದ ಫೋಟೊ ಇವನ್ನು ಅನುಮತಿ ಇಲ್ಲದೆ ಜಾಹೀರಾತಿಗೆ ಬಳಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಕಾಲೇಜಿಗೆ ಬೇರೆ ಬಟ್ಟೆ ಕಂಪನಿ ಸ್ಪಾನ್ಸರ್ ಆಗಿದ್ದರಂತೂ ಮೊದಲೇ ಕೇಳಬೇಕು. ಕಂಪನಿಯ ಒಪ್ಪಂದದಲ್ಲಿ ಅವಳ ಫೋಟೊ "ಶಾಶ್ವತವಾಗಿ" ಬಳಸುತ್ತೇವೆ ಅಂತ ಇದ್ದರೆ ಹೊಡೆದು ಹಾಕಿಸಿ. ಪೋಸ್ಟ್‌ನಲ್ಲಿ ಇದು ಜಾಹೀರಾತು ಅಂತ ಸ್ಪಷ್ಟವಾಗಿ ಹೇಳಲೇಬೇಕು.

ಈಗ ನನ್ನ ಕೆಲಸದ ವಿಷಯ. ಈ ದುಡ್ಡು ಸಂಬಳ ಅಲ್ಲ, ಸ್ವಂತ ವ್ಯಾಪಾರದ ಆದಾಯ. ಖರ್ಚು ಕಳೆದು ವರ್ಷಕ್ಕೆ 400 ಡಾಲರ್ ಮುಟ್ಟಿದರೆ ರಿಟರ್ನ್ ಹಾಕಬೇಕು, ಮಾಮೂಲಿ ತೆರಿಗೆ ಜೊತೆ 15.3% ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ ಬೇರೆ. ಪೋಸ್ಟ್‌ಗೆ ಬದಲಾಗಿ ಕೊಟ್ಟ "ಫ್ರೀ" ಡ್ರೆಸ್ಸಿಗೂ ಬೆಲೆ ಕಟ್ಟಬೇಕು. ಹುಡುಗರು ಇದನ್ನು ಸುಮ್ನೆ ಮರೆಯುತ್ತಾರೆ. ಆದಾಯ ಜಾಸ್ತಿಯಾದರೆ ಮುಂದೆ ಫೈನಾನ್ಷಿಯಲ್ ಏಡ್ ಕಡಿಮೆಯೂ ಆಗಬಹುದು.

ಅವಳು ಅಲ್ಲೇ ಹುಟ್ಟಿದವಳಾ, ಎಫ್-1 ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಹೋದವಳಾ ಅಂತ ನೀವು ಬರೆದಿಲ್ಲ. ಎಫ್-1 ಆಗಿದ್ದರೆ ಮೇಲೆ ಹೇಳಿದ ಸ್ವಾತಂತ್ರ್ಯ ಲೆಕ್ಕಕ್ಕಿಲ್ಲ. ಕ್ಯಾಂಪಸ್ ಹೊರಗೆ ಅನುಮತಿ ಇಲ್ಲದೆ ದುಡಿದರೆ ವೀಸಾಗೇ ಕುತ್ತು. ಕೆಂಟಕಿ ಯೂನಿವರ್ಸಿಟಿಗೆ ಬಾಸ್ಕೆಟ್‌ಬಾಲ್ ಆಡುತ್ತಿದ್ದ ಕಾಂಗೋ ದೇಶದ ಆಸ್ಕರ್ ಷೀಬ್ವೆ ಇದೇ ಕಾರಣಕ್ಕೆ 2022ರಲ್ಲಿ ಟೀಮ್ ಜೊತೆ ಬಹಾಮಾಸ್‌ಗೆ ಹೋದಾಗ, ಅಮೆರಿಕದ ಹೊರಗೇ ಜಾಹೀರಾತು ಕೆಲಸ ಮುಗಿಸಿಕೊಂಡ. ನಿಮ್ಮ ಹುಡುಗಿ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸ್‌ನಲ್ಲಿ ಕೇಳುವವರೆಗೆ ಕಂಪನಿಗೆ ಹೂಂ ಅನ್ನುವುದು ಬೇಡ.