ಟ್ರೈಲರ್ ಕಟ್ಟಿದಾಗ ಮಾತ್ರ ಹೀಟ್ ಆಗೋ ಡೀಸೆಲ್ ಎಂಜಿನ್: ಹೆಡ್ ಬಿಚ್ಚೋಕೆ ಮುಂಚೆ ಇಷ್ಟು ನೋಡಿ

ಸರ್, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಪಿಕಪ್ ಖಾಲಿ ಓಡುವಾಗ ಎಂಜಿನ್ ಬಿಸಿ ತೋರಿಸೋ ಮೀಟರಿನ ಮುಳ್ಳು ನಡುವೆ ಅಲ್ಲಾಡದೆ ನಿಂತಿರುತ್ತೆ. ಒಂದೂವರೆ ಟನ್ ಟ್ರೈಲರ್ ಕಟ್ಟಿ ಉದ್ದನೆ ಏರು ಹತ್ತಿದರೆ ಹತ್ತು ನಿಮಿಷದಲ್ಲಿ ಕೆಂಪು ಗೆರೆ ಹತ್ತಿರ ಹೋಗುತ್ತೆ, ಸಮತಟ್ಟು ರಸ್ತೆ ಸಿಕ್ಕರೆ ತಾನಾಗೇ ಇಳಿಯುತ್ತೆ. ಕೂಲೆಂಟ್ (ಎಂಜಿನ್ ತಣ್ಣಗಿಡೋ ದ್ರವ) ಕಮ್ಮಿ ಆಗ್ತಿಲ್ಲ. ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ರೇಡಿಯೇಟರ್‌ಗೆ ನೀರು ಬಿಡೋ ವಾಲ್ವ್) ಹೊಸದು ಹಾಕಿಸಿದ್ದೂ ಆಯ್ತು, ಈಗ ಮೆಕ್ಯಾನಿಕ್ ಹೆಡ್, ಅಂದ್ರೆ ಎಂಜಿನ್‌ನ ಮೇಲ್ಭಾಗ, ಬಿಚ್ಚೋಣ ಅಂತಿದ್ದಾರೆ. ನನ್ನ ಮಾತು ಕೇಳಿ, ಹೆಡ್‌ಗೆ ಈಗಲೇ ಕೈ ಹಾಕಿಸಬೇಡಿ.

ಯಾಕೆ ಅಂದ್ರೆ, ಸುಡುವ ಡೀಸೆಲ್‌ನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಗಾಡಿ ಎಳೆಯೋಕೆ ಸಿಗೋದು. ಉಳಿದದ್ದೆಲ್ಲ ಶಾಖ. ಅದರಲ್ಲಿ ಒಂದಷ್ಟು ಸೈಲೆನ್ಸರ್‌ನಲ್ಲಿ ಹೋಗುತ್ತೆ, ಇನ್ನೊಂದಷ್ಟನ್ನ ರೇಡಿಯೇಟರೇ ಹೊರಗೆ ಹಾಕಬೇಕು. ಹೇರು ಕಟ್ಟಿ ಏರು ಹತ್ತುವಾಗ ಡೀಸೆಲ್ ಎರಡು ಮೂರು ಪಟ್ಟು ಸುಡುತ್ತೆ, ಸ್ಪೀಡ್ ಮಾತ್ರ ಅರ್ಧಕ್ಕೆ ಬಂದಿರುತ್ತೆ, ಅಂದ್ರೆ ಎದುರುಗಾಳಿ ಕಮ್ಮಿ. ರೇಡಿಯೇಟರ್ ಅರ್ಧ ಕಟ್ಟಿಕೊಂಡಿದ್ದರೂ ಖಾಲಿ ಗಾಡಿಗೆ ಸಾಕಾಗುತ್ತೆ, ಟ್ರೈಲರ್‌ಗೆ ಸಾಕಾಗಲ್ಲ. ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯೋ ಮುಳ್ಳು ಹೇಳ್ತಿರೋದು ಇದನ್ನೇ: ಗಾಳಿ ಸಾಲ್ತಿಲ್ಲ, ಇಲ್ಲಾ ನೀರಿನ ಓಡಾಟ ಸಾಲ್ತಿಲ್ಲ.

ನಾನೂ ಇದೇ ಹಾದೀಲಿ ಬಿದ್ದಿದ್ದೆ. ವಾಟರ್ ಪಂಪ್ ಬದಲಾಯಿಸಿದೆ, ಕೂಲೆಂಟ್ ಎರಡು ಸಲ ಬದಲಾಯಿಸಿದೆ, ಏನೂ ಆಗಲಿಲ್ಲ. ಕೊನೆಗೆ ಒಂದು ಸಂಜೆ ಕತ್ತಲಾದ ಮೇಲೆ ಫ್ಯಾನ್ ಕಡೆಯಿಂದ ರೇಡಿಯೇಟರ್‌ಗೆ ಟಾರ್ಚ್ ಹಿಡಿದು ಮುಂದಿನಿಂದ ನೋಡಿದೆ. ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಬೆಳಕು ಬಂತು, ಮಿಕ್ಕಿದ್ದು ಗೋಡೆ. ಮುಂದುಗಡೆ ಎಸಿ ಕಂಡೆನ್ಸರ್ (ರೇಡಿಯೇಟರ್ ಹಾಗೇ ಇರೋ ಎಸಿಯ ಜಾಲರಿ) ನೋಡೋಕೆ ಲಕಲಕ ಅಂತಿತ್ತು, ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ಬೋಲ್ಟ್ ಸಡಿಲಿಸಿ ಎರಡನ್ನೂ ದೂರ ಮಾಡಿದಾಗ ನಡುವೆ ಧೂಳು, ಹೊಟ್ಟು, ಹುಲ್ಲಿನ ಬೀಜದ ನಾರು ಎಲ್ಲ ಸೇರಿ ಕಂಬಳಿ ತುಂಡಿನ ಹಾಗೆ ಇಡಿಯಾಗಿ ಕಿತ್ತು ಬಂತು. ನೀವೂ ಮೊದಲು ಈ ಟಾರ್ಚ್ ಪರೀಕ್ಷೆ ಮಾಡಿ, ಖರ್ಚಿಲ್ಲ. ಟರ್ಬೊದಿಂದ ಎಂಜಿನ್‌ಗೆ ಹೋಗೋ ಗಾಳಿ ತಣ್ಣಗಾಗಿಸೋ ಇಂಟರ್‌ಕೂಲರ್ ರೇಡಿಯೇಟರ್ ಮುಂದೇ ಇದ್ದರೆ ಅದರ ಸಂದೂ ನೋಡಿ. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡಿ, ಮುಂದಿನಿಂದ ಬಿಟ್ಟರೆ ಕಸ ಇನ್ನೂ ಒಳಕ್ಕೇ ಕೂರುತ್ತೆ. ಪ್ರೆಶರ್ ವಾಷರ್ ಹತ್ತಿರ ಹಿಡಿಯಬೇಡಿ, ರೇಡಿಯೇಟರ್‌ನ ತೆಳು ತಗಡಿನ ಫಿನ್ ಮಡಚಿಕೊಂಡರೆ ಮುಗೀತು.

ಆಮೇಲೆ ಫ್ಯಾನ್. ಬೆಲ್ಟ್‌ನಿಂದ ತಿರುಗುವ ಫ್ಯಾನ್ ಆದ್ರೆ ಅದರ ಮಧ್ಯದಲ್ಲಿ ವಿಸ್ಕಸ್ ಕ್ಲಚ್ ಇರುತ್ತೆ, ಒಳಗೆ ಸಿಲಿಕೋನ್ ಎಣ್ಣೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಾಗ ಅದು ಹಿಡಿದುಕೊಂಡು ಫ್ಯಾನ್‌ನ ಜೋರಾಗಿ ತಿರುಗಿಸಬೇಕು. ಹಿಡಿದಾಗ ಸದ್ದು ಕೇಳದೇ ಇರಲ್ಲ, ಲಾರಿ ಗರ್ಜಿಸಿದ ಹಾಗೆ ಬರುತ್ತೆ. ಮುಳ್ಳು ಕೆಂಪಿನ ಹತ್ತಿರ ಹೋದಾಗಲೂ ಆ ಗರ್ಜನೆ ಬರ್ತಿಲ್ಲ ಅಂದ್ರೆ ನನ್ನ ಅನುಮಾನ ಕ್ಲಚ್ ಮೇಲೇ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಫ್ಯಾನ್‌ನ ಕೈಯಲ್ಲಿ ತಿರುಗಿಸಿ. ಬಿಗಿ ಇರಬೇಕು. ತಳ್ಳಿದರೆ ಗಾಳಿಪಟದ ಚಕ್ರದ ಹಾಗೆ ಸುತ್ತು ಹೊಡೆದರೆ, ಅಥವಾ ನಡುವಿನ ಭಾಗದ ಸುತ್ತ ಎಣ್ಣೆ ಮೆತ್ತಿಕೊಂಡಿದ್ದರೆ ಕ್ಲಚ್ ಸತ್ತಿದೆ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚವನ್ನ ಯಾವಾಗಲೋ ಬಿಚ್ಚಿ ಬಿಸಾಡಿದ್ದರೆ ಮತ್ತೆ ಹಾಕಿಸಿ. ಅದಿಲ್ಲದಿದ್ದರೆ ಫ್ಯಾನ್ ಅಲ್ಲೇ ಇರೋ ಬಿಸಿ ಗಾಳಿಯನ್ನೇ ಸುತ್ತಾಡಿಸುತ್ತೆ.

ಇವೆರಡೂ ಸರಿ ಇದ್ದರೆ ರೇಡಿಯೇಟರ್ ಒಳಗೆ ಕಟ್ಟಿದೆಯಾ ಅಂತ ನೋಡಬೇಕು. ದೂರದಿಂದಲೇ ಗುರಿ ಹಿಡಿದು ಶಾಖ ಅಳೆಯೋ ಗನ್ ಥರ್ಮಾಮೀಟರ್ ಸಿಕ್ಕರೆ, ಬಿಸಿ ಎಂಜಿನ್‌ನಲ್ಲಿ ಫಿನ್ ಮೇಲೆ ಸಾಲು ಸಾಲಾಗಿ ಹಿಡಿದು ನೋಡಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಶಾಖ ಹಂತಹಂತವಾಗಿ ಇಳಿಯಬೇಕು. ನಡುವೆ ಎಲ್ಲೋ ಒಂದು ತೇಪೆ ತಣ್ಣಗಿದ್ದರೆ ಅಲ್ಲಿ ನೀರೇ ಹರಿಯುತ್ತಿಲ್ಲ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಗನ್ ಸುಳ್ಳು ಹೇಳುತ್ತೆ, ಅಳೆಯೋ ಕಡೆ ಕಪ್ಪು ಟೇಪ್ ಅಂಟಿಸಿಕೊಳ್ಳಿ. ಗಡಸು ನೀರು ಹಾಕಿ ಓಡಿಸಿದ ಗಾಡಿಗಳಲ್ಲಿ, ಬೇರೆ ಬೇರೆ ಜಾತಿಯ ಕೂಲೆಂಟ್ ಬೆರೆಸಿದ ಗಾಡಿಗಳಲ್ಲಿ ಈ ಕಾಯಿಲೆ ಜಾಸ್ತಿ.

ಕೆಳಗಿನ ಹೋಸ್ ಮೇಲೂ ಒಂದು ಕಣ್ಣಿಡಿ. ಅದು ಪಂಪ್ ನೀರು ಎಳೆಯುವ ಕಡೆ. ಹೋಸ್ ಮೆತ್ತಗಾಗಿದ್ದರೆ ಜೋರು ಆಕ್ಸಿಲರೇಟರ್ ಕೊಟ್ಟಾಗ ಚಪ್ಪಟೆಯಾಗಿ ನೀರು ನಿಲ್ಲುತ್ತೆ, ಐಡಲ್‌ನಲ್ಲಿ ನೋಡಿದರೆ ಏನೂ ಗೊತ್ತಾಗಲ್ಲ. ಇನ್ನೊಬ್ಬರಿಂದ ರೇಸ್ ಕೊಡಿಸಿ ನೋಡಿ. ರೇಡಿಯೇಟರ್ ಕ್ಯಾಪ್‌ನ ರಬ್ಬರ್ ಒಣಗಿದ್ದರೆ ಬದಲಾಯಿಸಿ. ಬರಿ ನೀರು ಕುದಿಯೋದು 100 ಡಿಗ್ರಿಗೆ, 1 ಬಾರ್ ಒತ್ತಡದ ಕ್ಯಾಪ್ ಬಿಗಿಯಾಗಿ ಹಿಡಿದರೆ ಸುಮಾರು 120ಕ್ಕೆ. ಆ 20 ಡಿಗ್ರಿ ನಿಮಗೆ ಏರಿನಲ್ಲಿ ಬೇಕು.

ನಿಮ್ಮ ಪ್ರಶ್ನೆಗೆ ಉತ್ತರ ಬರೆದ ಇನ್ಯಾರೋ ಥರ್ಮೋಸ್ಟಾಟ್ ತೆಗೆದೇ ಬಿಡಿ ಅಂದಿದ್ದಾರೆ. ಬೇಡ. ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದೇ ಬೈಪಾಸ್ ದಾರಿಯನ್ನ, ಅಂದ್ರೆ ರೇಡಿಯೇಟರ್ ತಪ್ಪಿಸಿ ಹೋಗೋ ದಾರಿಯನ್ನ, ಮುಚ್ಚುತ್ತೆ. ಕಿತ್ತು ಹಾಕಿದರೆ ಒಂದಷ್ಟು ಬಿಸಿನೀರು ರೇಡಿಯೇಟರ್‌ಗೆ ಹೋಗದೇ ಎಂಜಿನ್ ಒಳಗೇ ಸುತ್ತುತ್ತೆ, ಹೀಟ್ ಇನ್ನೂ ಹೆಚ್ಚುತ್ತೆ.

ಇನ್ನು ಹೆಡ್ ಗ್ಯಾಸ್ಕೆಟ್ ವಿಷಯ, ಅಂದ್ರೆ ಹೆಡ್‌ಗೂ ಎಂಜಿನ್ ಬ್ಲಾಕ್‌ಗೂ ನಡುವಿನ ಸೀಲ್. ಶುರುವಿನಲ್ಲಿ ಅದೂ ಲೋಡ್ ಮೇಲೆ ಮಾತ್ರ ತೋರಿಸಬಹುದು, ಆ ಮಟ್ಟಿಗೆ ನಿಮ್ಮ ಮೆಕ್ಯಾನಿಕ್ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅದು ಬೇರೆ ಗುರುತುಗಳನ್ನೂ ಬಿಡುತ್ತೆ. ಬೆಳಿಗ್ಗೆ ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತಾ? ರಿಸರ್ವ್ ಡಬ್ಬಿಯಲ್ಲಿ ಗುಳ್ಳೆ ಬರ್ತಾನೇ ಇರುತ್ತಾ? ಕೂಲೆಂಟ್‌ಗೆ ಎಂಜಿನ್ ಹೊಗೆ ಸೋರ್ತಿದೆಯಾ ಅಂತ ನೋಡೋ, ಬಣ್ಣ ಬದಲಾಗುವ ದ್ರವದ ಟೆಸ್ಟ್ ಮಾಡಿಸುವುದಾದರೆ ಐಡಲ್‌ನಲ್ಲಿ ಮಾಡಿ ಬಿಡಬೇಡಿ. ಐಡಲ್‌ನಲ್ಲಿ ಡೀಸೆಲ್ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿ, ಸೋರಿಕೆ ಇದ್ದರೂ ದ್ರವ ಬಣ್ಣ ಬದಲಿಸದೇ ಇರಬಹುದು. ಲೋಡ್ ಮೇಲೆ ಓಡಿಸಿ ತಂದ ತಕ್ಷಣ ಮಾಡಿಸಿ, ಕ್ಯಾಪ್ ಮಾತ್ರ ಮೆಕ್ಯಾನಿಕ್ ಅವರೇ ಹುಷಾರಾಗಿ ತೆಗೆಯಲಿ.

ಏರಿನಲ್ಲಿ ಕಪ್ಪು ಹೊಗೆ ಬಂದು ಗಾಡಿಯ ಎಳೆತ ಕಮ್ಮಿ ಅನ್ನಿಸಿದರೆ ಟರ್ಬೊದಿಂದ ಎಂಜಿನ್‌ಗೆ ಗಾಳಿ ಒಯ್ಯೋ ಹೋಸ್ ಸೀಳಿರಬಹುದು, ಅದೂ ಹೀಟ್ ಕೂಡಿಸುತ್ತೆ. ಹಾಗೇ ಟ್ರೈಲರ್ ನಿಲ್ಲಿಸಿದ ಕೂಡಲೇ ಅದರ ಹಬ್‌ಗಳ (ಚಕ್ರದ ನಡುಭಾಗ) ಹತ್ತಿರ ಅಂಗೈ ಒಡ್ಡಿ ನೋಡಿ. ಒಂದು ಮಾತ್ರ ಸುಡ್ತಿದ್ದರೆ ಬ್ರೇಕ್ ಕಚ್ಚಿರಬಹುದು, ಆಗ ಎಂಜಿನ್ ಪಾಪ ಬ್ರೇಕನ್ನೂ ಎಳೀತಿರುತ್ತೆ.

ರಿಪೇರಿ ಆಗೋವರೆಗೆ ಏರಿನಲ್ಲಿ ಟಾಪ್ ಗೇರ್‌ನಲ್ಲಿ ಒದ್ದಾಡಿಸಬೇಡಿ, ಒಂದು ಗೇರ್ ಇಳಿಸಿ. ಆರ್‌ಪಿಎಂ ಏರಿದರೆ ಪಂಪ್ ಜೋರಾಗಿ ತಿರುಗುತ್ತೆ, ಬೆಲ್ಟ್ ಫ್ಯಾನ್ ಆದರೆ ಅದೂ. ಮುಳ್ಳು ಏರತೊಡಗಿದರೆ ಎಸಿ ಆಫ್, ಹೀಟರ್ ಫುಲ್. ಸೆಕೆಯಲ್ಲಿ ಬೇಯ್ತೀರಿ, ಆದರೆ ಅದೂ ಒಂದು ಚಿಕ್ಕ ರೇಡಿಯೇಟರೇ. ನಿಲ್ಲಿಸಿದ ಮೇಲೆ ತಕ್ಷಣ ಆಫ್ ಮಾಡದೆ ಎರಡು ನಿಮಿಷ ಸ್ವಲ್ಪ ರೇಸ್‌ನಲ್ಲಿ ಓಡಲು ಬಿಡಿ. ಕೂಲೆಂಟ್ ಹೊರಗೆ ಚೆಲ್ಲಿದ್ದರೆ ಮಾತ್ರ ಕೂಡಲೇ ಆಫ್ ಮಾಡಿ. ನೀರಿಲ್ಲದೆ ಸೆನ್ಸರ್ ಗಾಳಿಯಲ್ಲಿದ್ದರೆ ಮುಳ್ಳು ಇಳಿದು ನಿಮ್ಮನ್ನ ಮೋಸ ಮಾಡುತ್ತೆ. ಹೋಸ್ ಕೈಗೆ ತಣ್ಣಗಾಗುವ ತನಕ ಕ್ಯಾಪ್ ಮುಟ್ಟಬೇಡಿ.

ನಿಮ್ಮದು ಬೆಲ್ಟ್ ಫ್ಯಾನಾ ಕರೆಂಟ್ ಫ್ಯಾನಾ ಅಂತ ಬರೆದಿಲ್ಲ. ಇವತ್ತು ಕತ್ತಲಾದ ಮೇಲೆ ಟಾರ್ಚ್ ಬೆಳಕು ಹಾಯಿಸಿ ಒಂದು ಫೋಟೊ ತೆಗೆದು ಹಾಕಿ, ಅದರ ಜೊತೆ ಫ್ಯಾನ್ ವಿಷಯವನ್ನೂ ತಿಳಿಸಿ.