ಆಮ್‌ಸ್ಟರ್‌ಡ್ಯಾಮ್ ಎಂಬ ಸುಳ್ಳು ವಿಳಾಸ

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಫ್ರೆಂಚ್ ಕವಿ ಬೋದಿಲೇರನ ‘ಲೇಜ್ ಎಪಾವ್’ ಎಂಬ ಅಪರೂಪದ ಕವನ ಸಂಕಲನದ ಬಗ್ಗೆ ಬರೆದಿದ್ದೆ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. 1866ರಲ್ಲಿ ಬ್ರಸೆಲ್ಸ್‌ನಲ್ಲಿ ಬಂದ ಪುಸ್ತಕದ ಮೇಲೆ ಆಮ್‌ಸ್ಟರ್‌ಡ್ಯಾಮ್ ಎಂದು ಯಾಕಿದೆ? ಅದರ ಪ್ರಕಾಶಕ ಪುಲೆ-ಮಲಾಸಿ ಕಾಮದ ಪುಸ್ತಕಗಳನ್ನು ಗುಟ್ಟಾಗಿ ಮಾರುತ್ತಿದ್ದ ಎಂಬ ಮಾತು ಬೇಕಿತ್ತಾ, ಬಿಟ್ಟಿದ್ದರೆ ಕವಿಗೆ ಗೌರವ ಅಲ್ವಾ?

ಮೊದಲನೆಯದು ಸುಲಭ. ಪೊಲೀಸರ ದಾರಿ ತಪ್ಪಿಸಲು ಸುಳ್ಳು ಊರಿನ ಹೆಸರು ಹಾಕುವುದು ಆ ವ್ಯಾಪಾರದ ಹಳೆಯ ರೂಢಿ.

ಎರಡನೆಯದಕ್ಕೆ ನಾನು ಒಪ್ಪುವುದಿಲ್ಲ. ಆ ಮಾತು ಬಿಟ್ಟರೆ ಈ ಪುಸ್ತಕ ಯಾಕೆ ಹುಟ್ಟಿತು ಅನ್ನುವುದೇ ತಿಳಿಯುವುದಿಲ್ಲ. 1857ರ ಆಗಸ್ಟ್ 20ರಂದು ಪ್ಯಾರಿಸ್ ಕೋರ್ಟು ಬೋದಿಲೇರನ ‘ಪಾಪದ ಹೂಗಳು’ ಸಂಕಲನದ ಆರು ಕವನಗಳನ್ನು ನಿಷೇಧಿಸಿತು. ಕವಿಗೆ 300 ಫ್ರಾಂಕ್ ದಂಡ. ಪ್ರಕಾಶಕ ಪುಲೆ-ಮಲಾಸಿಗೂ ದಂಡ ಬಿತ್ತು. 1861ರ ಎರಡನೇ ಮುದ್ರಣದಲ್ಲಿ ಆ ಆರು ಕವನಗಳಿರಲಿಲ್ಲ. ಮುಂದೆ ಪುಲೆ-ಮಲಾಸಿ ದಿವಾಳಿಯಾದ, ಸಾಲಕ್ಕಾಗಿ ಜೈಲಿಗೂ ಹೋದ. 1863ರಲ್ಲಿ ಬ್ರಸೆಲ್ಸ್ ಸೇರಿ, ಕಾಮದ ಪುಸ್ತಕಗಳನ್ನೂ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ವಿರುದ್ಧದ ಬರಹಗಳನ್ನೂ ಕದ್ದು ಅಚ್ಚು ಹಾಕತೊಡಗಿದ.

1864ರಲ್ಲಿ ಅವನು ಪೋಲಿ ಪದ್ಯಗಳ ಎರಡು ಸಂಪುಟ ತಂದ. ಅದರ ವಿಳಾಸ ರೋಮ್, ಅಂಗಡಿಯ ಹೆಸರು ‘ಏಳು ಮಹಾಪಾಪಗಳು’! ನಿಷೇಧವಾದ ಆ ಆರು ಕವನಗಳು ಈ ಸಂಪುಟಗಳಲ್ಲಿದ್ದವು. ಬೇರೆ ಯಾವ ಮರ್ಯಾದಸ್ಥ ಪ್ರಕಾಶಕ ಅವನ್ನು ಮುಟ್ಟುತ್ತಿದ್ದ, ಹೇಳಿ?

ಎರಡು ವರ್ಷದ ಮೇಲೆ ‘ಲೇಜ್ ಎಪಾವ್’ ಬಂತು. ಹಡಗು ಒಡೆದ ಮೇಲೆ ದಡಕ್ಕೆ ತೇಲಿಬರುವ ಚೂರುಗಳು ಎಂದು ಅದರ ಅರ್ಥ. ನಿಷೇಧವಾದ ಆ ಆರೂ ಸೇರಿ ಒಟ್ಟು 23 ಕವನ, 260 ಪ್ರತಿ. ಮೊದಲ ಪುಟದ ಚಿತ್ರ ಬೆಲ್ಜಿಯಂನ ಕಲಾವಿದ ಫೆಲಿಸಿಯೆನ್ ರೋಪ್ಸ್‌ನದು. ಪುಲೆ-ಮಲಾಸಿಯ ಗುಟ್ಟಿನ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದವನೂ ಅವನೇ. ನನಗೆ ಜಾಸ್ತಿ ಇಷ್ಟವಾದದ್ದು ಪ್ರಕಾಶಕನ ಟಿಪ್ಪಣಿ. ಈ 260 ಓದುಗರಿಗೆ ತಿಳಿಯುವಾಗಲೇ ಕವಿಗೂ ಪುಸ್ತಕ ಬಂದ ವಿಷಯ ತಿಳಿಯುತ್ತದೆ ಎಂದು ಅದರಲ್ಲಿದೆ. ಬೋದಿಲೇರ್ 1864ರಿಂದ ಅದೇ ಬ್ರಸೆಲ್ಸ್‌ನಲ್ಲಿದ್ದ! ಮತ್ತೆ ಕೇಸು ಬಿದ್ದರೆ ಗೆಳೆಯನ ಕುತ್ತಿಗೆಗೆ ಬರಬಾರದು ಅಂತಲೇ ಪುಲೆ-ಮಲಾಸಿ ಹಾಗೆ ಬರೆದ ಎಂದು ನಾನು ಓದಿಕೊಳ್ಳುತ್ತೇನೆ.

ಇನ್ನೊಬ್ಬ ಫ್ರೆಂಚ್ ಕವಿ ವೆರ್ಲೇನ್‌ನ ಆರು ಸಾನೆಟ್‌ಗಳನ್ನೂ (ಹದಿನಾಲ್ಕು ಸಾಲಿನ ಕವನಗಳು) ಪುಲೆ-ಮಲಾಸಿ ಹೀಗೇ ತಂದ. ಕವಿಯದು ಸುಳ್ಳು ಹೆಸರು, ಊರಿನ ಜಾಗದಲ್ಲಿ ಸ್ಪೇನಿನ ಸೆಗೋವಿಯಾ, ಬರೀ 50 ಪ್ರತಿ. 1868ರ ಮೇ ತಿಂಗಳಲ್ಲಿ ಫ್ರಾನ್ಸಿನ ಲೀಲ್ ನಗರದ ಕೋರ್ಟು ಇದನ್ನೂ ‘ಲೇಜ್ ಎಪಾವ್’ಅನ್ನೂ ನಿಷೇಧಿಸಿತು. ಬೋದಿಲೇರ್ ಅಷ್ಟರಲ್ಲಿ ತೀರಿಕೊಂಡು ಒಂಬತ್ತು ತಿಂಗಳಾಗುತ್ತಿತ್ತು.

ಪುಲೆ-ಮಲಾಸಿ ಅಚ್ಚು ಹಾಕಿದ್ದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಆದರೆ ಕೋರ್ಟು ಹೊರಗೆ ಹಾಕಿದ ಕವನಗಳನ್ನು ಅವನು ಕೈಬಿಡಲಿಲ್ಲ. ಅವನ ಕಸುಬನ್ನು ಮುಚ್ಚಿಟ್ಟು ಕವಿಯನ್ನಷ್ಟೇ ಹೊಗಳಲು ನನಗೆ ಮನಸ್ಸು ಬರುವುದಿಲ್ಲ. 1857ರ ತೀರ್ಪನ್ನು ಫ್ರಾನ್ಸ್‌ನ ಕೋರ್ಟು ರದ್ದು ಮಾಡಿದ್ದು 1949ರ ಮೇ 31ರಂದು. ಪುಲೆ-ಮಲಾಸಿ ಸತ್ತು ಆಗ 71 ವರ್ಷವಾಗಿತ್ತು.

— ಸಂಪಾದಕ